ಲೋಹವೂ ಅಲ್ಲ, ಅವಾಹಕವೂ ಅಲ್ಲ

ಕೇಳುಗರಿಗೆ ನಮಸ್ಕಾರ. ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿಗಳೂ ಅವರಿಗೆ ಪಾಠ ಹೇಳುವ ಮೇಷ್ಟ್ರುಗಳೂ ರೇಡಿಯೊ ಹಾಕಿಕೊಂಡಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ.

ಹರಳಿನಲ್ಲಿ ಪರಮಾಣುಗಳು ಸಾಲಾಗಿ ನಿಂತಿದ್ದರೆ ಎಲೆಕ್ಟ್ರಾನಿನ ಅಲೆ ಹರಳಿನ ಉದ್ದಗಲಕ್ಕೂ ಹರಡುತ್ತದೆ. ಅದು ಲೋಹ. ಅವ್ಯವಸ್ಥೆ ಮಿತಿಮೀರಿದರೆ ಅದೇ ಅಲೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಫಿಲಿಪ್ ಆಂಡರ್ಸನ್ 1958ರಲ್ಲಿ ತೋರಿಸಿದರು. ಅದು ಅವಾಹಕ. ಇಷ್ಟನ್ನು ಎಲ್ಲರೂ ಓದಿರುತ್ತೀರಿ. ಇವೆರಡರ ಗಡಿಯ ಮೇಲೇ ನಿಂತ ಅಲೆ ಹೇಗಿರುತ್ತದೆ? ಅದನ್ನು ಹೇಳಲು ಒಂದೇ ಸಂಖ್ಯೆ ಸಾಲದು. ನನ್ನ ಮಾತೆಲ್ಲ ಇದೊಂದೇ.

ಜಿಲ್ಲೆಗೆ ಮಳೆಯಾದಾಗ ಒಂದು ತಾಲ್ಲೂಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ತಾಲ್ಲೂಕಿನೊಳಗೆ ಹೋಬಳಿಗಳಿಗೂ ಹಾಗೇ, ಹೋಬಳಿಯೊಳಗೆ ಊರುಗಳಿಗೂ ಹಾಗೇ. ಗಡಿಯಲ್ಲಿರುವ ಅಲೆಯೂ ಎಷ್ಟು ಹತ್ತಿರದಿಂದ ನೋಡಿದರೂ ಏರುಪೇರೇ. ಇದನ್ನೇ ಮಲ್ಟಿಫ್ರ್ಯಾಕ್ಟಲ್ ಎನ್ನುತ್ತೇವೆ.

ಬರೀ ಗಣಿತವೆಂದುಕೊಳ್ಳಬೇಡಿ, ಕಣ್ಣಿಗೆ ಕಂಡದ್ದಿದು. 2010ರಲ್ಲಿ ಪ್ರಿನ್ಸ್‌ಟನ್‌ನ ಅಲಿ ಯಾಜ್ದಾನಿ ಅವರ ತಂಡ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕಕ್ಕೆ ಒಂದೂವರೆಯಿಂದ ಐದು ಶೇಕಡದವರೆಗೆ ಮ್ಯಾಂಗನೀಸ್ ಬೆರೆಸಿದ, ಲೋಹ-ಅವಾಹಕ ಗಡಿಯ ಆಸುಪಾಸಿನ ಪದರಗಳನ್ನು ತೆಗೆದುಕೊಂಡಿತು. ಗಾಳಿ ತಾಗಿದರೆ ಮೇಲ್ಮೈ ಕೆಡುತ್ತದೆ. ಆದ್ದರಿಂದ ನಿರ್ವಾತದಲ್ಲೇ ಹರಳನ್ನು ಸೀಳಿ ಹೊಸ ಮುಖ ತೆರೆದರು. ಅದರ ಮೇಲೆ ಸುರಂಗ ಸೂಕ್ಷ್ಮದರ್ಶಕದ ಸೂಜಿಯನ್ನು, ಮುಟ್ಟಿಯೂ ಮುಟ್ಟದ ಹಾಗೆ, ಬಿಂದುವಿನಿಂದ ಬಿಂದುವಿಗೆ ಸರಿಸುತ್ತ ಹೋದರು. ಪ್ರತಿ ಬಿಂದುವಿನಲ್ಲೂ ವೋಲ್ಟೇಜನ್ನು ತುಸುವೇ ಬದಲಿಸಿ ವಿದ್ಯುತ್ ಎಷ್ಟು ಬದಲಾಯಿತೆಂದು ಅಳೆದರು. ಆ ಅಳತೆ ಅಲ್ಲಿನ ಎಲೆಕ್ಟ್ರಾನ್ ಸ್ಥಿತಿಗಳ ಸಾಂದ್ರತೆ. ಫರ್ಮಿ ಮಟ್ಟದಿಂದ, ಅಂದರೆ ಅತಿ ಶೀತದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಅತಿ ಮೇಲಿನ ಶಕ್ತಿಯಿಂದ, ದೂರದ ಶಕ್ತಿಗಳಲ್ಲಿ ಅಳತೆಗಳ ಹಂಚಿಕೆ ಗಂಟೆಯಾಕಾರದಲ್ಲಿತ್ತು. ಫರ್ಮಿ ಮಟ್ಟಕ್ಕೆ ಬಂದಾಗ ನೋಡಿ! ಹಂಚಿಕೆ ಒಂದು ಪಕ್ಕಕ್ಕೆ ವಾಲಿ ಉದ್ದನೆಯ ಬಾಲ ಬೆಳೆಸಿತ್ತು. ಬಹುಪಾಲು ಜಾಗ ಮಂಕು, ಎಲ್ಲೋ ಕೆಲವೆಡೆ ಮಾತ್ರ ಪ್ರಖರ. ಇಂಥ ಹಂಚಿಕೆಯ ಸರಾಸರಿಯೊಂದನ್ನೇ ಬರೆದಿಟ್ಟರೆ ಏನು ತಿಳಿದಂತಾಯಿತು? ಒಂದೇ ಸಂಖ್ಯೆ ಸಾಲದು.

ಸಮಯ ಓಡುತ್ತಿದೆ, ಲೆಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಮೂರು ಆಯಾಮದ ಘನ ಜಾಲಕ ತೆಗೆದುಕೊಳ್ಳಿ. ನೆರೆಯ ಬಿಂದುವಿಗೆ ಜಿಗಿಯುವ ಬಲ 1 ಇರಲಿ. ಪ್ರತಿ ಬಿಂದುವಿಗೂ W ಅಗಲದ ಪಟ್ಟಿಯೊಳಗಿನ ಯಾದೃಚ್ಛಿಕ ಶಕ್ತಿ ಕೊಡಿ. ಪಟ್ಟಿಯ ನಡುವೆ, ಅಂದರೆ ಶಕ್ತಿ ಸೊನ್ನೆಯಲ್ಲಿ, W ಸುಮಾರು 16.5 ಆದಾಗ ಗಡಿ. ಈಗ ಜಾಲಕದ ಬದಿಯನ್ನು 20ರಿಂದ 40ಕ್ಕೆ ಏರಿಸಿ. ಬಿಂದುಗಳು 8 ಪಟ್ಟಾಗುತ್ತವೆ, ಒಂದು ಬಿಂದುವಿನಲ್ಲಿ ಎಲೆಕ್ಟ್ರಾನ್ ಸಿಗುವ ಸರಾಸರಿ ಸಂಭವನೀಯತೆ 8 ಪಟ್ಟು ಇಳಿಯುತ್ತದೆ. ಆದರೆ ಸಾಧಾರಣ ಬಿಂದುವಿನಲ್ಲಿ ಅದು 16 ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಸಂಭವನೀಯತೆಗಳ ವರ್ಗಗಳ ಮೊತ್ತವಾದರೋ ಸುಮಾರು ಎರಡೂವರೆ ಪಟ್ಟು ಮಾತ್ರ. ಲೋಹದಲ್ಲಾಗಿದ್ದರೆ ಈ ಮೊತ್ತವೂ 8 ಪಟ್ಟು ಇಳಿಯುತ್ತಿತ್ತು, ಅವಾಹಕದಲ್ಲಿ ಇಳಿಯುತ್ತಲೇ ಇರಲಿಲ್ಲ.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಒಂದೇ ಗಾತ್ರದ ಜಾಲಕದಲ್ಲಿ ಒಂದು ಚಿತ್ರ ತೆಗೆದು ಮಲ್ಟಿಫ್ರ್ಯಾಕ್ಟಲ್ ಸಿಕ್ಕಿತು ಎಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. W 15 ಇದ್ದರೂ ಚಿಕ್ಕ ಜಾಲಕದಲ್ಲಿ ಅಲೆ ಗಡಿಯಲ್ಲಿರುವಂತೆಯೇ ಕಾಣುತ್ತದೆ. ಬದಿ ಇಮ್ಮಡಿಯಾದಾಗ ವರ್ಗಗಳ ಮೊತ್ತ 2ರ ಎಷ್ಟನೇ ಘಾತದಷ್ಟು ಪಟ್ಟು ಇಳಿಯುತ್ತದೆ ಎಂದು ನೋಡಿ: ಗಾತ್ರ ಬೆಳೆಸುತ್ತ ಹೋದಾಗಲಷ್ಟೇ ಆ ಘಾತ ನಿಧಾನವಾಗಿ 3ರ ಕಡೆಗೆ ಜಾರಿ ಅದು ಲೋಹವೆಂದು ಗೊತ್ತಾಗುತ್ತದೆ. 20, 30, 40, 60, ಹೀಗೆ ನಾಲ್ಕಾದರೂ ಗಾತ್ರ ಇರಲಿ. ಪ್ರತಿ ಗಾತ್ರಕ್ಕೂ ಯಾದೃಚ್ಛಿಕ ಶಕ್ತಿಗಳನ್ನು ಹೊಸದಾಗಿ ಹಂಚಿದ ನೂರಾರು ಮಾದರಿಗಳು ಇರಲಿ.