ಒಡೆದ ಮನೆಯ ಜಲ್ಲಿ ಹೊಸ ಮನೆಯ ಮೋಲ್ಡಿಗೆ ಆಗುತ್ತಾ?

ಈ ರಾಶಿ ನೋಡಿ. ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಇಂಥದ್ದೊಂದು ಸಿಗುತ್ತದೆ. ಮನೆ ಒಡೆಯುವವರು ಮೊದಲು ಬಾಗಿಲು, ಕಿಟಕಿ, ಕಂಬಿ ಎತ್ತಿಕೊಳ್ಳುತ್ತಾರೆ. ಅದಕ್ಕೆ ದುಡ್ಡು ಬರುತ್ತದೆ, ಅಲ್ವಾ? ಉಳಿದ ಡೆಬ್ರಿ ಎಷ್ಟೋ ಸಲ ರಾತ್ರೋರಾತ್ರಿ ಟಿಪ್ಪರ್ ಹತ್ತಿ ಕೆರೆ ಅಂಚಿಗೋ ರಾಜಕಾಲುವೆಗೋ ಹೋಗಿ ಬೀಳುತ್ತದೆ. ಅದೇ ಹೊತ್ತಿಗೆ ಹೊಸ ಮನೆಗೆ ಜಲ್ಲಿ ಬೇಕು ಅಂತ ಇನ್ನೆಲ್ಲೋ ಬಂಡೆ ಸಿಡಿಸುತ್ತಿರುತ್ತಾರೆ.

ಈ ಡೆಬ್ರಿಯನ್ನೇ ಕ್ರಶರ್‌ಗೆ ಹಾಕಿ ಜಲ್ಲಿ ಮಾಡಿ, ಅದನ್ನು ಮೋಲ್ಡಿಗೆ ಬಳಸಬಹುದಾ? ಬಳಸಬಹುದು. ಆದರೆ ಎಲ್ಲಾ ಡೆಬ್ರಿಯೂ ನಡೆಯುವುದಿಲ್ಲ.

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಇದು ಹಳೇ ಕಾಂಕ್ರೀಟ್ ಪುಡಿ ಮಾಡಿದಾಗ ಬಂದ 20 ಎಂಎಂ ತುಂಡು. ಈ ಬದಿ ಮಿನುಗುತ್ತಿದೆ, ಇದು ಗ್ರಾನೈಟ್. ಕಲ್ಲು ಹಾಗೇ ಗಟ್ಟಿಯಾಗಿದೆ. ತಿರುಗಿಸಿದರೆ ಬೂದು ಬಣ್ಣದ ಹಳೇ ಗಾರೆ ಅಂಟಿಕೊಂಡಿದೆ. ಎರಡೂ ಬದಿಗೆ ಒಂದೊಂದು ಹನಿ ನೀರು ಬಿಡೋಣ. ಕಲ್ಲಿನ ಮೇಲೆ ಹನಿ ನಿಂತಿದೆ. ಗಾರೆ ಮಾತ್ರ ಟೀಗೆ ಅದ್ದಿದ ರಸ್ಕ್ ಥರ ಹೀರಿಕೊಂಡುಬಿಟ್ಟಿತು.

ತೊಂದರೆ ಶುರುವಾಗುವುದೇ ಇಲ್ಲಿಂದ. ಒಳ್ಳೆ ಗ್ರಾನೈಟ್ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ ಶೇ 1ರಷ್ಟೂ ನೀರು ಕುಡಿಯುವುದಿಲ್ಲ. ಇದು ಶೇ 4–5 ಕುಡಿಯುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಮಿಕ್ಸರ್‌ನಲ್ಲಿ ಮಾಲು ಬೇಗ ಬಿಗಿಯುತ್ತದೆ. ಮೇಸ್ತ್ರಿ "ಗಟ್ಟಿ ಆಯ್ತು ಸಾರ್" ಅಂತ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ನೀರು ಜಾಸ್ತಿಯಾದರೆ ಕಾಂಕ್ರೀಟ್ ಸೊರಗುತ್ತದೆ. ಆಮೇಲೆ 28 ದಿನಕ್ಕೆ ಕ್ಯೂಬ್ (ಗಟ್ಟಿತನ ಪರೀಕ್ಷಿಸಲು ಎರೆದ ಕಾಂಕ್ರೀಟ್ ಗಟ್ಟಿ) ಫೇಲಾದರೆ ಬೈಸಿಕೊಳ್ಳುವುದು ಪಾಪ, ಜಲ್ಲಿ!

ಜಲ್ಲಿಯನ್ನು ಮೊದಲೇ ನೆನೆಸಿ, ಮೇಲಿನ ನೀರು ಆರಿದ ಮೇಲೆ ಹಾಕಿದರೆ ಅರ್ಧ ತಲೆನೋವು ಕಮ್ಮಿ. ಇನ್ನೊಂದು ದಾರಿ ಹಾಂಗ್‌ಕಾಂಗ್‌ನ ಸಂಶೋಧಕರು 2005ರಲ್ಲಿ ತೋರಿಸಿದ್ದು. ಜಲ್ಲಿ, ಮರಳಿಗೆ ಮೊದಲು ಅರ್ಧ ನೀರು ಮಾತ್ರ ಹಾಕಿ ತಿರುಗಿಸಿ, ಆಮೇಲೆ ಸಿಮೆಂಟ್, ಕೊನೆಗೆ ಉಳಿದ ನೀರು. ಸಿಮೆಂಟ್ ಹಾಲು ಹಳೇ ಗಾರೆಯ ಬಿರುಕುಗಳೊಳಗೆ ಇಳಿದು ಅದನ್ನೇ ಗಟ್ಟಿ ಮಾಡುತ್ತದೆ. ಹಾಗಂತ ಎಲ್ಲಾ ಸರಿಹೋಗುವುದಿಲ್ಲ. ಹೊಸ ಜಲ್ಲಿಯ ಕಾಂಕ್ರೀಟ್‌ಗಿಂತ ಇದು ಒಣಗುವಾಗ ಸ್ವಲ್ಪ ಜಾಸ್ತಿ ಕುಗ್ಗುತ್ತದೆ, ಭಾರ ಬಿದ್ದಾಗ ಬಾಗುವುದೂ ಜಾಸ್ತಿ.

ಜಲ್ಲಿ, ಮರಳಿಗೆ ಇರುವ ನಮ್ಮ ದೇಶದ ಮಾನದಂಡ ಐಎಸ್ 383 ಇದಕ್ಕೆ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಕಂಬಿ ಇರುವ ಕಾಂಕ್ರೀಟ್‌ನಲ್ಲಿ ಜಲ್ಲಿಯ ಶೇ 20ರವರೆಗೆ ಹಳೇ ಕಾಂಕ್ರೀಟ್‌ನಿಂದ ಬಂದದ್ದು ಇರಬಹುದು, ಅದೂ ಎಂ25 ಗ್ರೇಡ್‌ವರೆಗೆ ಮಾತ್ರ (ಎಂ ಮುಂದಿನ ಅಂಕಿ ದೊಡ್ಡದಾದಷ್ಟೂ ಕಾಂಕ್ರೀಟ್ ಗಟ್ಟಿ). ನಮ್ಮ ಎಷ್ಟೋ ಮನೆಗಳ ಮೋಲ್ಡ್ ಎಂ20 ಅಥವಾ ಎಂ25, ಅಂದರೆ ಲೆಕ್ಕದೊಳಗೇ ಇವೆ! ಇಟ್ಟಿಗೆ, ಟೈಲ್ಸ್ ಎಲ್ಲಾ ಬೆರೆತ ಡೆಬ್ರಿಯ ಜಲ್ಲಿಗೆ ಮಾತ್ರ ಕಂಬಿ ಕಾಂಕ್ರೀಟ್‌ನಲ್ಲಿ ಜಾಗವೇ ಇಲ್ಲ. ಅದಕ್ಕೇ ಒಡೆಯುವಾಗಲೇ ಪಿಲ್ಲರ್, ಬೀಮ್, ಸ್ಲ್ಯಾಬ್ ಬೇರೆ, ಗೋಡೆ ಬೇರೆ ಮಾಡಬೇಕು. ರಾಶಿಯಾದ ಮೇಲೆ ಆರಿಸಲು ಹೋದರೆ ಕೂಲಿಯೇ ಮೈಮೇಲೆ ಬರುತ್ತದೆ. ಜಿಪ್ಸಂ ಪ್ಲಾಸ್ಟರ್ ಸೇರಿದ್ದರಂತೂ ಬೇಡವೇ ಬೇಡ. ಅದರ ಸಲ್ಫೇಟ್ ಕಾಂಕ್ರೀಟ್ ಒಳಗೇ ಉಬ್ಬಿ ಬಿರುಕು ಬಿಡಿಸುತ್ತದೆ.

ಸಿಂಗಪುರದಲ್ಲಿ ಸಾಮ್‌ವೋ ಅನ್ನುವ ಕಂಪನಿ ತನ್ನ ಮೂರು ಮಹಡಿ ಕಟ್ಟಡದಲ್ಲಿ ಇಂಥ ಜಲ್ಲಿಯನ್ನು ಶೇ 100ರವರೆಗೂ ಬಳಸಿದೆ. ನಾವು ಸುಮ್ನೆ ಅಲ್ಲಿಗೇ ಹಾರುವುದು ಬೇಡ. ನನ್ನನ್ನು ಕೇಳಿದರೆ ಪಾಯದ ಕೆಳಗಿನ ಬೆಡ್ ಕಾಂಕ್ರೀಟ್‌ನಿಂದ ಶುರು ಮಾಡಿ. ಎಂ15ಕ್ಕಿಂತ ಕಮ್ಮಿ ಗ್ರೇಡಿನ ಆ ಕೆಲಸಕ್ಕೆ ಪೂರ್ತಿ ಇದೇ ಜಲ್ಲಿ ಹಾಕಲು ನಮ್ಮ ನಿಯಮವೇ ಬಿಡುತ್ತದೆ. ಅದು ಕೈಗೆ ಕುದುರಿದ ಮೇಲೆ ಮೋಲ್ಡಿನ ಮಾತು. ಅಪಾರ್ಟ್‌ಮೆಂಟಿನ ಎಂ30 ಪಿಲ್ಲರ್‌ಗೆ ಹಾಕೋಣ್ವಾ ಅಂತ ಯಾರಾದರೂ ಕೇಳಿದರೆ, ಸದ್ಯಕ್ಕೆ ಬೇಡ ಅಂತಲೇ ಹೇಳಿ.