ಇ20 ಪೆಟ್ರೋಲು, ಹಳೇ ಗಾಡಿ: ಮೊದಲು ರಬ್ಬರ್ ನೋಡಿ, ಆಮೇಲೆ ಜೆಟ್

ಈ ಗಾಜಿನ ಅಳತೆ ಕೊಳವೆಯಲ್ಲಿ 90 ಮಿಲಿ ಬಂಕ್ ಪೆಟ್ರೋಲಿದೆ. ಇದಕ್ಕೆ 10 ಮಿಲಿ ನೀರು ಹಾಕಿ, ಬಿರಡೆ ಮುಚ್ಚಿ, ಚೆನ್ನಾಗಿ ಕುಲುಕಿ ಐದು ನಿಮಿಷ ಬಿಡೋಣ. ನೋಡಿ, ತಳದ ಪದರ 10ಕ್ಕೆ ನಿಂತಿಲ್ಲ, ಹೆಚ್ಚುಕಮ್ಮಿ 28ರ ಹತ್ತಿರ ಬಂದಿದೆ. ಹೆಚ್ಚಾಗಿದ್ದು ಎಥನಾಲ್. 90ರಲ್ಲಿ 18 ಅಂದ್ರೆ ಶೇಕಡ 20. ಇದೇ ಇ20. ಇದನ್ನ ಮಾಡೋರು ಬಯಲಲ್ಲಿ ಮಾಡಿ, ಬೆಂಕಿ ಹತ್ತಿರ ಬೇಡ. ಆ ಪೆಟ್ರೋಲನ್ನ ವಾಪಸ್ ಟ್ಯಾಂಕಿಗೆ ಸುರೀಲೇಬೇಡಿ.

ನೀರು ಸಿಕ್ಕ ತಕ್ಷಣ ಎಥನಾಲ್ ಪೆಟ್ರೋಲನ್ನ ಬಿಟ್ಟು ಅದರ ಜೊತೆ ಹೋಗುತ್ತೆ. ಹಳೇ ಗಾಡಿಗಳ ಅರ್ಧ ತೊಂದರೆ ಇಲ್ಲಿಂದಲೇ ಶುರು.

ನಮ್ಮ ದೇಶದಲ್ಲಿ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಲ್ಲೇ. ಅದೇ ವರ್ಷ ಏಪ್ರಿಲ್‌ನಿಂದ ಬಂದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕು ಇದನ್ನ ತಡೆಯುವಂಥದ್ದು. ಅದಕ್ಕಿಂತ ಹಿಂದಿನವು, ಅದರಲ್ಲೂ ಕಾರ್ಬೊರೇಟರ್ ಕಾಲದ ಬೈಕು, ಸ್ಕೂಟರು, ಮಾರುತಿ 800 ಥರದ ಕಾರು ಇಟ್ಕೊಂಡಿರೋರಿಗೆ ಈ ವಿಡಿಯೋ.

ಮೊದಲು ರಬ್ಬರ್. ಹಳೇ ಪೆಟ್ರೋಲ್ ಪೈಪು, ಓ-ರಿಂಗು, ಕಾರ್ಬೊರೇಟರಿಗೆ ಪೆಟ್ರೋಲ್ ಬರೋದನ್ನ ತಡೆಯೋ ಫ್ಲೋಟ್ ನೀಡಲ್‌ನ ತುದಿ, ಟ್ಯಾಂಕಿನ ಕೆಳಗಿನ ನಲ್ಲಿ ಅಂದ್ರೆ ಕಾಕ್ ಒಳಗಿನ ವಾಷರ್, ಇವೆಲ್ಲ ಎಥನಾಲ್ ಕುಡಿದು ಊದ್ಕೊಳ್ಳುತ್ವೆ. ಒಣಗಿದ್ಮೇಲೆ ಸೊರಗಿ ಬಿರುಕು ಬಿಡುತ್ವೆ. ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು, ಅಂದ್ರೆ ಬೌಲ್, ಬಿಚ್ಚಿದಾಗ ಅದರ ಓ-ರಿಂಗ್ ಮತ್ತೆ ತನ್ನ ಕಾಲುವೆಯಲ್ಲಿ ಕೂರದೆ ಹೊರಗೆ ಎದ್ದು ಬಂದ್ರೆ, ಅದು ಊದಿದೆ ಅಂತಲೇ ಲೆಕ್ಕ. ಒತ್ತಿ ಕೂರಿಸೋಕೆ ಹೋಗ್ಬೇಡಿ, ಹೊಸದು ಹಾಕಿ. ಪೈಪ್ ಕೊಳ್ಳುವಾಗ ಮೈಮೇಲಿನ ಅಚ್ಚು ಓದಿ: 30ಆರ್9 ಅಂತಿದ್ರೆ ಒಳಪದರ ಫ್ಲೋರೋ ರಬ್ಬರಿನದು, ಎಥನಾಲ್‌ಗೆ ಜಗ್ಗಲ್ಲ. ಪೆಟ್ರೋಲ್ ಸೋರಿ ಬಿಸಿ ಎಂಜಿನ್ ಮೇಲೆ ಬಿದ್ರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಅದಕ್ಕೇ ಮೈಲೇಜ್ ಚಿಂತೆಗಿಂತ ಮೊದಲು ಪೈಪು.

ಎಥನಾಲ್ ಒಳ್ಳೇ ದ್ರಾವಕ ಕೂಡ. ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡು, ತುಕ್ಕಿನ ಪುಡಿ ಸಡಿಲಾಗಿ ಕೆಳಗಿಳಿಯುತ್ತೆ. ಹಾಗಾಗಿ ಮೊದಮೊದಲ ಎರಡು ಮೂರು ಟ್ಯಾಂಕ್ ಮುಗಿಯೋವರೆಗೂ ಫಿಲ್ಟರ್ ಮೇಲೆ ಕಣ್ಣಿರಲಿ. ಜೆಟ್ ಅಂದ್ರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಬಿಲ್ಲೆ. ಗಾಡಿ ಸ್ಲೋನಲ್ಲಿದ್ದಾಗ ಕೆಲಸ ಮಾಡೋ ಪೈಲಟ್ ಜೆಟ್‌ನ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ. ಅದು ಕಟ್ಟಿದ್ರೆ ಸ್ಲೋ ನಿಲ್ಲಲ್ಲ, ಚೋಕ್ ಎಳೆದ್ರೆ ಮಾತ್ರ ಗಾಡಿ ಓಡುತ್ತೆ. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಬಿಡಿ. ಪಿನ್ ಚುಚ್ಚಿದ್ರೆ ತೂತು ಅಗಲವಾಗಿ ಜೆಟ್ ಹಾಳು.

ಈಗ ಲೀನ್ ವಿಷಯ, ಅಂದ್ರೆ ಗಾಳಿಗೆ ತಕ್ಕಷ್ಟು ಇಂಧನ ಸಾಲದೆ ಹೋಗೋದು. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇ20ಗೆ ಸುಮಾರು 13.5. ಅಂದ್ರೆ ಅಷ್ಟೇ ಗಾಳಿಗೆ ಇನ್ನೂ ಸ್ವಲ್ಪ ಜಾಸ್ತಿ ಇಂಧನ ಹೋಗಬೇಕು. ಕಾರ್ಬೊರೇಟರ್‌ಗೆ ಇದು ಗೊತ್ತಾಗಲ್ಲ, ಜೆಟ್ ಎಷ್ಟು ಬಿಡುತ್ತೋ ಅಷ್ಟೇ. ಪರಿಣಾಮ: ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಪಿಕಪ್ ಎತ್ತುವಾಗ ತಡವರಿಕೆ, ಪ್ಲಗ್ ತುದಿ ಬೆಳ್ಳಗೆ. ಟೂ-ಸ್ಟ್ರೋಕ್ ಗಾಡಿಯನ್ನ ಹೀಗೇ ದೂರ ಎಳೆದ್ರೆ ಪಿಸ್ಟನ್ ಸೀಜ್ ಆಗೋ ಅಪಾಯ ನಿಜವಾಗ್ಲೂ ಇದೆ.

ಎಂಜಿನ್ ಬಿಸಿಯಾದ ಮೇಲೆ ಕಾರ್ಬೊರೇಟರಿನ ಮಿಶ್ರಣ ಹೊಂದಿಸೋ ಸ್ಕ್ರೂನಿಂದ ಶುರು ಮಾಡಿ. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ರೆ ಅದು ಗಾಳಿಯ ಸ್ಕ್ರೂ, ಕಾಲು ಸುತ್ತು ಒಳಕ್ಕೆ ತಿರುಗಿಸಿ. ಎಂಜಿನ್ ಕಡೆಗಿದ್ರೆ ಪೆಟ್ರೋಲಿನದು, ಕಾಲು ಸುತ್ತು ಹೊರಕ್ಕೆ. ಇದನ್ನ ಉಲ್ಟಾ ಮಾಡಿ ಗಾಡಿ ಇನ್ನೂ ಕೆಡಿಸ್ಕೊಳ್ಳೋರೇ ಜಾಸ್ತಿ. ಮಧ್ಯದ ಥ್ರಾಟಲ್‌ನಲ್ಲಿ ತಡವರಿಸಿದ್ರೆ ಥ್ರಾಟಲ್ ಜೊತೆ ಏರಿಳಿಯೋ ಜೆಟ್ ನೀಡಲ್‌ನ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ನೀಡಲ್ ಮೇಲೇಳುತ್ತೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ. ಪೂರ್ತಿ ಥ್ರಾಟಲ್‌ನಲ್ಲೂ ಪ್ಲಗ್ ಬೆಳ್ಳಗಿದ್ರೆ ಮಾತ್ರ ಮೇನ್ ಜೆಟ್ ಒಂದೇ ಒಂದು ಸೈಜ್ ದೊಡ್ಡದು. ತಿಳಿ ಕಂದು ಬಂದ್ರೆ ಅಲ್ಲಿಗೆ ನಿಲ್ಲಿಸಿ.

ಇಂಜೆಕ್ಷನ್ ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನ ತಕ್ಕಮಟ್ಟಿಗೆ ತಾನೇ ಸರಿದೂಗಿಸುತ್ತೆ. ಮಿಶ್ರಣ ಲೀನ್ ಅಂತ ಹೇಳೋ ಪಿ0171 ಕೋಡ್ ಬಂದ್ರೆ ಎಥನಾಲ್ ಅನ್ನೋಕೆ ಮುಂಚೆ ವ್ಯಾಕ್ಯೂಮ್ ಲೀಕ್, ಪಂಪಿನ ಒತ್ತಡ ನೋಡಿ.

ಮೈಲೇಜ್ ಬೀಳೋದು ಸುಳ್ಳಲ್ಲ. ಎಥನಾಲ್ ಲೀಟರಿಗೆ ಸುಮಾರು 21 ಮೆಗಾಜೂಲ್, ಪೆಟ್ರೋಲ್ 32ರ ಆಸುಪಾಸು. 2021ರ ನೀತಿ ಆಯೋಗದ ವರದಿಯೇ ಹಳೇ ಕಾರುಗಳಿಗೆ ಶೇಕಡ 6–7, ಬೈಕುಗಳಿಗೆ 3–4 ಅಂತ ಹೇಳಿತ್ತು. ಯಾರಾದ್ರೂ 20, 30 ಬಿತ್ತು ಅಂದ್ರೆ ಗಾಡಿಯಲ್ಲಿ ಬೇರೆ ಏನೋ ಇದೆ. ಇನ್ನೊಂದು ಕಡೆ, ಎಥನಾಲ್‌ನಿಂದ ಆಕ್ಟೇನ್ ಏರುತ್ತೆ, ಎಂಜಿನ್ ಕುಟ್ಟೋದು ಕಮ್ಮಿ. ಅದನ್ನೂ ಒಪ್ಕೋಬೇಕು.

ನಿಂತ ಗಾಡಿಗೇ ಏಟು ಜಾಸ್ತಿ. ತಿಂಗಳಿಗಿಂತ ಹೆಚ್ಚು ನಿಲ್ಲಿಸೋದಾದ್ರೆ ಕಬ್ಬಿಣದ ಟ್ಯಾಂಕನ್ನ ಬಹುಪಾಲು ತುಂಬಿಸಿ, ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಒಳಗೆ ಸೇರುತ್ತೆ. ಕಾಕ್ ಮುಚ್ಚಿ, ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನ ಗಾಜಿನ ಬಾಟಲಿಗೆ ಇಳಿಸಿ. ತಿರುಗಿ ತೆಗೆಯುವಾಗಲೂ ಹೀಗೇ ಸ್ವಲ್ಪ ಇಳಿಸಿ ನೋಡಿ. ತಳದಲ್ಲಿ ಬೇರೆ ಪದರ ಕಂಡ್ರೆ ಹೊಸ ಪೆಟ್ರೋಲ್ ಬೆರೆಸಿ ಓಡಿಸೋ ಪ್ರಯತ್ನ ಬೇಡ. ಕಾಕ್ ಎಳ್ಕೊಳ್ಳೋದು ತಳದಿಂದ, ಮೊದಲು ಕಾರ್ಬೊರೇಟರ್‌ಗೆ ಹೋಗೋದು ಆ ನೀರೇ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಆಮೇಲೆ ತುಂಬಿಸಿ.