ತುರ್ತು ಸಂದೇಶಕ್ಕಿಂತ ಮೊದಲು

ಕೇಳುಗರಿಗೆ ನಮಸ್ಕಾರ.

"ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಾಗಿದೆ, ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರುತ್ತದೆ, ನೀವೂ ಮುಂದಕ್ಕೆ ಕಳಿಸಿರುತ್ತೀರಿ. ಅದರಲ್ಲಿ ತಾರೀಕು ಇತ್ತೇ? ಯಾವ ಊರು, ಯಾವ ಆಸ್ಪತ್ರೆ ಎಂದಿತ್ತೇ? ಎಷ್ಟೋ ಸಲ ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಆ ಸಂದೇಶ ಊರೂರು ಸುತ್ತುತ್ತಲೇ ಇರುತ್ತದೆ. ರೋಗಿ ತೀರಿಕೊಂಡಿದ್ದರಂತೂ, ಬರುವ ಒಂದೊಂದು ಕರೆಗೂ ಉತ್ತರ ಹೇಳಬೇಕಾದ ಮನೆಯವರ ಸಂಕಟ ಕೇಳುವುದೇ ಬೇಡ.

ರಕ್ತದಾನದ ಕೆಲಸ ಮಾಡುವ ಯುವಕ ಮಂಡಲಗಳು, ಎನ್‌ಎಸ್‌ಎಸ್ ಘಟಕಗಳು, ಸೇವಾ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಹುಪಾಲು ಎಲ್ಲವಕ್ಕೂ ವಾಟ್ಸಾಪ್ ಗ್ರೂಪಿದೆ, ಫೇಸ್‌ಬುಕ್ ಪುಟವಿದೆ. ಆದರೆ ಮೊಬೈಲಿನ ಕೆಲಸ ಒಂದು ಕಡೆ, ಶಿಬಿರದ ಕೆಲಸ ಇನ್ನೊಂದು ಕಡೆ ಎಂಬಂತೆ ನಡೆಯುತ್ತಿದೆ. ಇವೆರಡನ್ನೂ ಕೂಡಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ರಕ್ತದ ಲೆಕ್ಕ ನೋಡೋಣ. ದಾನಿ ಕೊಟ್ಟ ರಕ್ತವನ್ನು ಹಾಗೇ ರೋಗಿಗೆ ಏರಿಸುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳೆಲ್ಲ ಆಗಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ, ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ಅಷ್ಟು ಹೊತ್ತು ಎಲ್ಲಿದೆ? ಅವರ ಜೀವ ಉಳಿಸುವುದು ರಕ್ತನಿಧಿಯ ಫ್ರಿಜ್ಜಿನಲ್ಲಿ ಆಗಲೇ ಸಿದ್ಧವಾಗಿರುವ ರಕ್ತ. ಹಾಗಾಗಿ ತುರ್ತು ಸಂದೇಶ ಹೊರಡುವ ಹೊತ್ತಿಗೆ ಒಂದು ರೀತಿಯಲ್ಲಿ ತಡವಾಗಿಯೇ ಇರುತ್ತದೆ. ಸಂಘಗಳು ತಮ್ಮ ಗ್ರೂಪಿನ ಶಕ್ತಿಯನ್ನೆಲ್ಲ ಶಿಬಿರ ತುಂಬಿಸಲು ಬಳಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಶಿಬಿರವಾದರೂ ಯಾವಾಗ? ತೆಗೆದಿಟ್ಟ ಕೆಂಪು ರಕ್ತಕಣಗಳು 35ರಿಂದ 42 ದಿನ ಕೆಡದೆ ಇರುತ್ತವೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು 5 ದಿನ ಮಾತ್ರ. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಸಾವಿರ ಜನ ರಕ್ತ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಬಳಸುವಷ್ಟರಲ್ಲಿ ಅವಧಿ ಮುಗಿಯುವ ಅಪಾಯವಿದೆ. ಅತ್ತ ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ಪರೀಕ್ಷೆ, ರಜೆ, ಶಿಬಿರಗಳೇ ನಿಂತುಹೋಗುತ್ತವೆ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ರಜೆಯಿಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ತಾಲ್ಲೂಕಿನ ಹತ್ತು ಸಂಘಗಳ ಕಾರ್ಯದರ್ಶಿಗಳು ಒಂದು ಗ್ರೂಪ್ ಮಾಡಿಕೊಂಡು, ರಕ್ತನಿಧಿಯವರನ್ನೂ ಸೇರಿಸಿಕೊಂಡು, ವರ್ಷದ ಶಿಬಿರಗಳನ್ನು ತಿಂಗಳಿಗೊಂದರಂತೆ ಹಂಚಿಕೊಂಡರೆ ಈ ಏರುಪೇರು ಎಷ್ಟೋ ಕಡಿಮೆಯಾಗುತ್ತದೆ.

ಶಿಬಿರದ ದಿನ ಒಬ್ಬರು ನೋಂದಣಿ ಮೇಜಿನಲ್ಲೇ ಕೂರಬೇಕು. ಹೆಸರು, ರಕ್ತದ ಗುಂಪು, ಕೊಟ್ಟ ತಾರೀಕು ಬರೆದುಕೊಂಡು, "ಮುಂದೆ ಬೇಕಾದಾಗ ಫೋನ್ ಮಾಡಬಹುದೇ?" ಎಂದು ಕೇಳಿ ಒಪ್ಪಿಗೆ ಪಡೆಯಬೇಕು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಆ ಅವಧಿ ಮುಗಿದಾಗ ಹೆಸರು ಹಿಡಿದು ಕಳಿಸುವ ಒಂದು ಸಾಲಿನ ಸಂದೇಶಕ್ಕೆ, ಎಲ್ಲರಿಗೂ ಎಸೆದ ನೂರು ಸಂದೇಶಗಳಿಗಿಂತ ಹೆಚ್ಚು ಬೆಲೆಯಿದೆ. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿದೆ ಎಂದು ವಾಪಸು ಹೋದ ಹೆಣ್ಣುಮಕ್ಕಳನ್ನೂ ಮರೆಯಬಾರದು. ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಂಡರಾ ಎಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿದರೆ ಅದೂ ಸೇವೆಯೇ.

ಅಪರೂಪದ ಗುಂಪಿಗೆ, ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್‌ಗೆ ತುರ್ತು ಕರೆ ಬೇಕೇ ಬೇಕು. ಆಗ ಸದಸ್ಯರೊಬ್ಬರು ರಕ್ತನಿಧಿಗೆ ಫೋನ್ ಮಾಡಿ, ಅಗತ್ಯ ನಿಜವೇ, ಎಷ್ಟು ಯೂನಿಟ್ ಎಂದು ಕೇಳಿಕೊಂಡ ಮೇಲೆಯೇ ಗ್ರೂಪಿಗೆ ಹಾಕಲಿ. ತಾರೀಕು, ಆಸ್ಪತ್ರೆ, ಸಂಘದವರದೇ ನಂಬರ್ ಇರಲಿ. ರೋಗಿಯ ಫೋಟೋ, ಮನೆಯವರ ನಂಬರ್ ಬೇಡ. ದಾನಿಗಳ ನಂಬರುಗಳನ್ನೂ ಫೇಸ್‌ಬುಕ್ಕಿನಲ್ಲಿ ಬಹಿರಂಗ ಮಾಡಬೇಡಿ, ದುಡ್ಡು ಕೀಳುವ ದಲ್ಲಾಳಿಗಳ ಕೈಗೆ ಸಿಗುತ್ತವೆ. ಹಣಕ್ಕಾಗಿ ರಕ್ತ ಕೊಡುವುದಕ್ಕೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿ 1ರಿಂದಲೇ ನಮ್ಮ ದೇಶದಲ್ಲಿ ನಿಷೇಧವಿದೆ.

ರಕ್ತ ಸಿಕ್ಕ ಕೂಡಲೇ "ಸಿಕ್ಕಿದೆ, ಇನ್ನು ಕಳಿಸಬೇಡಿ" ಎಂದು ಅದೇ ಗ್ರೂಪಿನಲ್ಲಿ ಹಾಕಿ, ಮೊದಲಿನ ಸಂದೇಶವನ್ನು ಅಳಿಸಿಬಿಡಿ. ಗ್ರೂಪಿನಲ್ಲಿ ಶುಭೋದಯ, ಹಬ್ಬದ ಶುಭಾಶಯಗಳ ಮಧ್ಯೆ ಈ ಕರೆ ಮುಳುಗಿಹೋಗದಂತೆ, ಅಡ್ಮಿನ್‌ಗಳು ಮಾತ್ರ ಬರೆಯುವ ಬೇರೆ ಗ್ರೂಪ್ ಇಟ್ಟುಕೊಳ್ಳುವುದು ಲೇಸು. ಮೊಬೈಲ್ ನೋಡದವರಿಗಾಗಿ ಶಿಬಿರದ ತಾರೀಕನ್ನು ಹಾಲಿನ ಡೈರಿಯ ಗೋಡೆಗೆ, ನ್ಯಾಯಬೆಲೆ ಅಂಗಡಿಗೆ ಅಂಟಿಸಿ.

ಜೂನ್ 14 ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಆ ಎರಡು ದಿನ ಶಿಬಿರಗಳಿಗೇನೂ ಬರವಿಲ್ಲ. ನಿಮ್ಮ ಸಂಘದ ಶಿಬಿರವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಿ. ಯಾವ ವಾರ ಎಂಬುದನ್ನು ನಿಮ್ಮ ರಕ್ತನಿಧಿಯವರನ್ನೇ ಕೇಳಿ ಗೊತ್ತುಮಾಡಿ. ನಮಸ್ಕಾರ.